ಮತ್ತೊಂದರ ಮಗ್ಗಿ

ಮಗ್ಗಿ ಹೇಳಿಕೊಡುವುದು ಅಂಥ ಮಹಾ ವಿದ್ಯೆಯೇನಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಹೇಳಿಕೊಡುವ ಪ್ರಸಂಗ ಬಂದಿರಲಿಲ್ಲ, ಅದಕ್ಕೇ ನಂಬಿದ್ದೆ.

ನಾನು ಓದಿದ್ದು ಎರಡನೇ ಕ್ಲಾಸು. ಅದೂ ಪೂರ್ತಿಯಲ್ಲ. ನಡುವೆ ಮನೆಯ ಎಮ್ಮೆ ಕರು ಹಾಕಿತು, ಅದನ್ನು ನೋಡಿಕೊಳ್ಳಲು ನನ್ನನ್ನು ಬಿಡಿಸಿದರು. ಎಮ್ಮೆಯನ್ನು ಯಾರೂ ಬೈಯಲಿಲ್ಲ. ಆದರೂ ರಾಗಿ ಅಳೆಯುವುದರಲ್ಲಿ ನನ್ನ ಲೆಕ್ಕ ಎಂದೂ ತಪ್ಪಿದ್ದಿಲ್ಲ. ಪಾಂಡವಪುರದ ಸಂತೆಯ ವ್ಯಾಪಾರಿಗಳೇ ನನ್ನ ಮುಂದೆ ಸೇರು ಹಿಡಿಯಲು ಹೆದರುತ್ತಿದ್ದರು. ಹೀಗಿರುವಾಗ ಮೂರನೇ ಕ್ಲಾಸಿನ ಮೊಮ್ಮಗಳ ಮಗ್ಗಿ ಯಾವ ಲೆಕ್ಕ?

ಆ ವರ್ಷ ಸೊಸೆ ಪದ್ಮ ಎರಡನೇ ಬಾಣಂತನಕ್ಕೆಂದು ನಾಗಮಂಗಲದ ತವರಿಗೆ ಹೊರಟಳು. ಬಸ್ಸು ಬರುವ ಹೊತ್ತಿನಲ್ಲಿ ಚೀಲ ಹಿಡಿದುಕೊಂಡೇ ಹೇಳಿದಳು.

"ಅತ್ತೆ, ಸವಿತಂಗೆ ಪರೀಕ್ಸೆ ಐತೆ. ಮೇಷ್ಟ್ರು ಬಾಯಲ್ಲೇ ಕೇಳ್ತಾರಂತೆ. ಮಗ್ಗಿ, ಭಾಗಾಕಾರ ಬರ್ನಿಲ್ಲ ಅಂದ್ರೆ ಇನ್ನೊಂದ್ವರ್ಸ ಮೂರ್ನೇ ಕ್ಲಾಸಲ್ಲೇ ಕೂರುಸ್ತಾರಂತೆ. ಪಕ್ಕದ್ಮನೆ ಗೀತನ ತಾವ ಕಳ್ಸಿ, ಅವ್ಳು ಓದಿರೋಳು."

"ಯಾಕೆ, ನಾನೇನ್ ಸತ್ತೋಗಿವ್ನಾ?" ಎಂದೆ.

ಪದ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಬಂತು. ಬಸ್ಸು ಕೊಂಚ ತಡವಾಗಿ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸವಿತಳಿಗಂತೂ ಒಂದೇ ಭಯ. ಅವಳ ಜೀವದ ಗೆಳತಿ ಮಂಜುಳ ಮಗ್ಗಿಯಲ್ಲಿ ಗಟ್ಟಿ. ಮಂಜುಳ ನಾಲ್ಕನೇ ಕ್ಲಾಸಿಗೆ ಹೋಗಿ, ತಾನು ಮೂಗು ಸುರಿಸುವ ಚಿಕ್ಕವರ ಜೊತೆ ಮೂರರಲ್ಲೇ ಕೂರಬೇಕಾದರೆ? ಈ ಚಿಂತೆಗೆ ಮಗು ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಸತೊಡಗಿತು. ನಮ್ಮ ಮನೆತನದಲ್ಲಿ ಮುದ್ದೆ ಉಳಿಸುವಂಥ ದುಃಖ ಅದುವರೆಗೆ ಯಾರಿಗೂ ಬಂದಿರಲಿಲ್ಲ!

"ಅಳ್ಬ್ಯಾಡ ಕಣವ್ವ, ನಿನ್ ಮಂಜುಳನ ಜೊತೇಲೇ ಕೂರುಸ್ತೀನಿ" ಎಂದು ಮಾತು ಕೊಟ್ಟೆ. ಮಾತು ಕೊಡುವುದಕ್ಕೆ ಓದು ಬೇಡವಲ್ಲ.

ಆಗ ಹೊಸ ರಾಗಿ ನಡುಮನೆಯಲ್ಲಿ ರಾಶಿ ಬಿದ್ದಿತ್ತು. ಅದರ ಪಕ್ಕದಲ್ಲೇ ಚಾಪೆ ಹಾಸಿ ಪಾಠ ಶುರು ಮಾಡಿದೆ. ಮೊದಲ ಕೆಲವು ಮಗ್ಗಿ ಹೇಗೋ ಸಾಗಿದವು. ಏಳರ ಮಗ್ಗಿ ಬಂತು ನೋಡಿ, ನನ್ನ ಎದೆ ಧಸಕ್ಕೆಂದಿತು.

ನಮ್ಮ ಕಡೆ ರಾಶಿ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು ಎಂದು ಅಳೆದುಕೊಂಡು ಹೋಗುತ್ತೇವೆ. ಆರು ಆದ ಮೇಲೆ ಏಳು ಎನ್ನುವುದೇ ಇಲ್ಲ, ಮತ್ತೊಂದು ಎನ್ನುತ್ತೇವೆ. ಏಳು ಎಂದರೆ ಎದ್ದು ಹೋಗು ಎಂದ ಹಾಗೆ. ರಾಶಿಯ ಮೇಲೆ ಕೂತ ಲಕ್ಷ್ಮಿಗೆ ಅದು ಕೇಳಿಸಿದರೆ ಗತಿಯೇನು? ಈ ಹುಡುಗಿಯಾದರೋ ಲಕ್ಷ್ಮಿಯ ಮಗ್ಗುಲಲ್ಲೇ ಕೂತು "ಏಳೊಂದ್ಲ ಏಳು! ಏಳೆರಡ್ಲ ಹದಿನಾಲ್ಕು!" ಎಂದು ಗಂಟಲು ಹರಿದುಕೊಳ್ಳುತ್ತಿದ್ದಾಳೆ!

"ಮುಚ್ಚು ಬಾಯ್ನ! ರಾಶಿ ಮುಂದೆ ಅಂಗನ್ಬಾರ್ದು. ಮತ್ತೊಂದು ಅನ್ನು."

"ಪುಸ್ತಕ್ದಲ್ಲಿ ಅಂಗೇ ಐತೆ ಕಣಜ್ಜಿ."

"ಪುಸ್ತಕ ಬರ್ದೋನ ಮನೇಲಿ ರಾಗಿ ಇರ್ನಿಲ್ಲ ಅನ್ಸುತ್ತೆ. ನೀನು ನಾನಂದಂಗೆ ಅನ್ನು."

ಮಗು ಜಾಣೆ, ಅಂದಂತೆ ಅಂದಳು. "ಮತ್ತೊಂದ್ ಲಾಭ್ಲ ಮತ್ತೊಂದು! ಮತ್ತೊಂದೆರಡ್ಲ ಹದಿನಾಲ್ಕು!" ಹದಿನೇಳು ಹೋಗಿ ಹದಿಮತ್ತೊಂದು ಆಯಿತು. ಇಪ್ಪತ್ತೇಳು ಹೋಗಿ ಇಪ್ಪತ್ತಮತ್ತೊಂದು ಆಯಿತು. ನಾನು ಪಕ್ಕದಲ್ಲಿ ಮೊರ ಹಿಡಿದು ರಾಗಿ ಕೇರುತ್ತಾ, "ಏಳವ್ವಾ, ಇನ್ನೂ ಜೋರಾಗಿ ಏಳು!" ಎಂದು ಹುರಿದುಂಬಿಸುತ್ತಿದ್ದೆ.

ಯಜಮಾನರು ಜಗಲಿಯಿಂದ ಇಣುಕಿದರು. "ಏನಮ್ಮೀ ಅದು, ಮೊಗಾ ಮತ್ತೊಂದು ಮತ್ತೊಂದು ಅಂತಾ ಅವ್ಳೆ? ಇನ್ನೊಂದ್ ಮುದ್ದೆ ಬೇಕಂತಾ?"

"ಮಗ್ಗಿ ಕಲೀತಾವ್ಳೆ. ನೀವು ಸುಮ್ಕೆ ಕಡ್ಲೇಕಾಯಿ ಸುಲೀರಿ."

ಸುಮ್ಮನೆ ಸುಲಿದರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತ ಮಗ್ಗಿ ಅದೊಂದೇ.

ಆಮೇಲೆ ಬಂತು ಭಾಗಾಕಾರ. ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಸವಿತ ಬಂದು "ಅಜ್ಜಿ, ಭಾಗ ಮಾಡಾನ ಬಾ" ಎಂದಳು. ನನ್ನ ಕೈಯ ಬತ್ತಿ ಕೆಳಗೆ ಬಿತ್ತು. ನಮ್ಮಲ್ಲಿ ಭಾಗವೆಂದರೆ ಅಣ್ಣತಮ್ಮಂದಿರು ಜಮೀನು ಹರಿದುಕೊಂಡು ಬೇರೆಯಾಗುವುದು. ನನಗಿರುವವನು ಒಬ್ಬನೇ ಮಗ. ಅವನೇನು ಒಬ್ಬನೇ ಬೇರೆಯಾಗುತ್ತಾನೆಯೇ? ಕೊನೆಗೆ ಪುಸ್ತಕ ನೋಡಿದ ಯಜಮಾನರು ಅದು ಹಂಚುವ ಲೆಕ್ಕವೆಂದು ಬಿಡಿಸಿ ಹೇಳಿದರು. ಹಂಚುವುದು ತಾನೇ! ಜೀವನವಿಡೀ ಅದನ್ನೇ ಮಾಡಿಕೊಂಡು ಬಂದವಳು ನಾನು.

ಕಜ್ಜಾಯದ ಪಾತ್ರೆ ತಂದು ಮುಂದಿಟ್ಟೆ. "ಅನ್ನೆರಡು ಕಜ್ಜಾಯ, ನಾಕು ಜನ. ಅಂಚು ನೋಡಾನ."

"ತಲಾ ಮೂರು. ಶೇಷ ಸೊನ್ನೆ" ಎಂದಳು ಸವಿತ.

"ಥೂ! ಮೊದ್ಲು ದೇವ್ರಿಗೊಂದು ತೆಗೀಬೇಕು. ಆಮ್ಯಾಕೆ ತಲಾ ಎರಡು. ತಾತಂಗೆ ಒಲದ ಕೆಲ್ಸ, ಅವ್ರಿಗೊಂದು ಜಾಸ್ತಿ. ಅಸು ಈದೈತೆ, ಅದಕ್ಕೊಂದು. ಇನ್ನೊಂದು ಪಾತ್ರೇಲೇ ಇರ್ಲಿ. ಪಾತ್ರೆ ಬರ್ದು ಮಾಡ್ಬಾರ್ದು."

"ಶೇಷ ಸೊನ್ನೆ ಬರ್ಬೇಕು ಕಣಜ್ಜಿ."

"ಸೊನ್ನೆ ಮಡಗೋರು ಸಂಸಾರ ಮಾಡಾರಾ? ಒಂದು ಮಡಗು!"

ಮಗು ಒಂದು ಮಡಗಿತು.

ಕೆ.ಆರ್.ಪೇಟೆಯ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದ ಮಗ ಅಲ್ಲಿನ ಎಸ್‌ಟಿಡಿ ಬೂತಿನಿಂದ ಹೆಂಡತಿಗೆ ಫೋನು ಮಾಡಿದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಮಗ್ಗಿಯ ವಿಚಾರವನ್ನೇ. "ಎರಡು ಸಲ ಜರಡಿ ಇಡ್ದ ಇಟ್ಟಿನಂಗಾಗೈತೆ ಅನ್ನು" ಎಂದು ಹೇಳಿ ಕಳಿಸುತ್ತಿದ್ದೆ.

ಪರೀಕ್ಷೆಯ ದಿನ ನಾನು ಮದುವೆಗಳಿಗೆ ಮಾತ್ರ ಉಡುವ ಸೀರೆ ಉಟ್ಟು ಶಾಲೆಯ ಕಿಟಕಿಯ ಹೊರಗೆ ನಿಂತೆ. ಮೇಷ್ಟ್ರು ಹೊಗಳುವುದನ್ನು ಕಿವಿಯಾರೆ ಕೇಳಿಸಿಕೊಳ್ಳಬೇಕಿತ್ತು.

ಮಂಜುಳ ಪಟಪಟನೆ ಒಪ್ಪಿಸಿ ಕೂತಳು. ಸವಿತಳ ಸರದಿ ಬಂತು.

"ಏಳೆಂಟ್ಲ?" ಎಂದರು ಮೇಷ್ಟ್ರು.

"ಮತ್ತೊಂದೆಂಟ್ಲ ಐವತ್ತಾರು ಸಾ!"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕೆಟ್ಟಿದ್ದು ಕಣ್ಣಲ್ಲ, ಕಿವಿ ಎಂದು ಆಮೇಲೆ ಹೊಳೆದಿರಬೇಕು. "ಮೂರೊಂಬತ್ಲ?"

"ಇಪ್ಪತ್ತಮತ್ತೊಂದು ಸಾ!"

"ಒಂದೊಂದ್ಲ?"

"ಲಾಭ ಸಾ!"

"ಯಾರಿಗೆ?" ಎಂದರು ಮೇಷ್ಟ್ರು. ಮಕ್ಕಳೆಲ್ಲ ಗೊಳ್ಳೆಂದರು. "ಇರಲಿ. ಇಪ್ಪತ್ತು ಹಣ್ಣನ್ನು ಐದು ಜನಕ್ಕೆ ಭಾಗ ಮಾಡು."

"ದೇವ್ರಿಗೊಂದು ಸಾ. ತಲಾ ಮೂರು. ತಾತಂಗೊಂದು ಜಾಸ್ತಿ. ಅಸೀಗೊಂದು. ಪಾತ್ರೇಲೊಂದು." ಮಗು ಬೆರಳು ಮಡಚಿ ನೋಡಿ ಇನ್ನೂ ಒಂದು ಮಿಕ್ಕಿದ್ದನ್ನು ಕಂಡುಹಿಡಿಯಿತು. "ಅದು ನಂಗೆ ಸಾ!"

"ಯಾರಮ್ಮಾ ನಿಂಗೆ ಇದನ್ನೆಲ್ಲ ಹೇಳಿಕೊಟ್ಟಿದ್ದು?"

"ನಮ್ಮಜ್ಜಿ ಸಾ. ಅಗೋ, ಕಿಟ್ಕೀಲವ್ಳೆ!"

ಇಡೀ ಕ್ಲಾಸು ನನ್ನ ಕಡೆ ತಿರುಗಿತು. ನಾನು ಕೂಡಲೇ ಕೂತೆ. ಆದರೆ ತುರುಬು ಕೂರಲಿಲ್ಲ, ಕಿಟಕಿಯ ಮೇಲೆಯೇ ಕಾಣುತ್ತಿತ್ತು. ಮೇಷ್ಟ್ರು ಒಳಗೆ ಕರೆದರು. ಐವತ್ತು ವರ್ಷದ ನಂತರ ಶಾಲೆಯೊಳಗೆ ಕಾಲಿಟ್ಟೆ, ತಪ್ಪಿತಸ್ಥಳಾಗಿ.

"ಸ್ವಾಮಿ, ಮನೇಲಿ ರಾಶಿ ಐತೆ" ಎಂದು ಲಾಭದಿಂದ ಮತ್ತೊಂದರವರೆಗೆ ಎಲ್ಲವನ್ನೂ ವಿವರಿಸಿದೆ. "ಏಳು ಅಂದ್ರೆ ಲಕ್ಷ್ಮಿ ಎದ್ದೋಯ್ತಾಳಲ್ವಾ?"

"ಏಳು ಅಂದ ಮಾತ್ರಕ್ಕೆ ಯಾರಾದ್ರೂ ಏಳ್ತಾರೇನಮ್ಮಾ? ಏಳು!" ಎಂದು ಮೇಷ್ಟ್ರು ಮೇಜು ಕುಟ್ಟಿದರು.

ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಒಂದು ಮಗು ಧಡಕ್ಕನೆ ಎದ್ದು ನಿಂತಿತು!

"ನೋಡಿ ಸ್ವಾಮಿ! ಎದ್ದೇ ಬುಡ್ತು!" ಎಂದೆ.

ಮೇಷ್ಟ್ರು ಆ ಮಗುವನ್ನು ಕೂರಿಸಿ ನಿಧಾನವಾಗಿ ಕೇಳಿದರು. "ಸರಿ. ಮನೇಲಿ ಮಗ್ಗಿ ಒಪ್ಪಿಸೋಕೆ ಮಗೂಗೆ ಏನಂತಿದ್ರಿ?"

"ಏನಂತೀನಿ? ಏಳವ್ವಾ, ಜೋರಾಗಿ ಏಳು ಅಂತಿದ್ದೆ."

"ಹೇಳು ಅಂತಲಾ?"

"ಊಂ. ಏಳು ಅಂತ."

"ರಾಶಿ ಪಕ್ಕದಲ್ಲೇ?"

ಆಗ ನನಗೆ ಅರ್ಥವಾಯಿತು. ನಮ್ಮ ನಾಲಿಗೆಗೆ ಹ ಎಂಬ ಅಕ್ಷರ ಹತ್ತುವುದಿಲ್ಲ. ಮಗುವಿನ ಬಾಯಿ ಮುಚ್ಚಿಸಿ ನಾನೇ ದಿನವೂ ಲಕ್ಷ್ಮಿಗೆ "ಏಳು, ಇನ್ನೂ ಜೋರಾಗಿ ಏಳು" ಎಂದು ಅಪ್ಪಣೆ ಕೊಡುತ್ತಿದ್ದೆ! ರಾಗಿ ಮಾತ್ರ ಇದ್ದಲ್ಲೇ ಇತ್ತು. ಲಕ್ಷ್ಮಿಗೆ ಕಿವಿ ಮಂದವೋ, ಅಥವಾ ನಮ್ಮ ಕಡೆಯ ಮಾತು ಅವಳಿಗೆ ಚೆನ್ನಾಗಿ ತಿಳಿಯುತ್ತದೆಯೋ.

ಮಕ್ಕಳು ನಕ್ಕರು, ಮೇಷ್ಟ್ರೂ ನಕ್ಕರು. ಸವಿತ ಮಾತ್ರ ನಗಲಿಲ್ಲ. ಮಂಜುಳನ ಕಡೆ ನೋಡುತ್ತಾ ನಿಂತಿದ್ದಳು, ಕಣ್ಣಲ್ಲಿ ನೀರು ತುಂಬಿತ್ತು. ನಾನು ಮೇಷ್ಟ್ರ ಮೇಜಿನ ಹತ್ತಿರಕ್ಕೆ ಹೋದೆ.

"ಸ್ವಾಮಿ, ತಪ್ಪು ನಂದು. ಮೊಗೀಗೆ ಲೆಕ್ಕ ಬತ್ತದೆ, ಎಸ್ರು ಮಾತ್ರ ಕೆಡಿಸಿವ್ನಿ. ಇನ್ನೊಂದ್ಸಲ ಕೇಳಿ. ಸವಿತಾ, ಪುಸ್ತಕ್ದಲ್ಲಿರೋ ಅಂಗೇ ಅನ್ನವ್ವಾ. ಸಮ್ವಾಗಿ ಅಂಚು. ಎದ್ದೋಗೋರು ಎದ್ದೋಗ್ಲಿ!"

ಮೇಷ್ಟ್ರು ಮೀಸೆಯಲ್ಲೇ ನಗುತ್ತಾ ತಲೆಯಾಡಿಸಿದರು. ಸವಿತ ಮೂಗು ಒರೆಸಿಕೊಂಡು ಶುರು ಮಾಡಿದಳು. "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು..." ಎಲ್ಲೂ ನಿಲ್ಲದೆ ಎಪ್ಪತ್ತಕ್ಕೆ ಬಂದು ಮುಟ್ಟಿದಳು. ಇಪ್ಪತ್ತು ಹಣ್ಣನ್ನು ಮತ್ತೆ ಹಂಚುವಾಗ ಒಂದು ಗಳಿಗೆ ತಡೆದಳು. ಹಸುವಿನ ಮುಖ ನೆನಪಾಗಿರಬೇಕು. "ತಲಾ ನಾಲ್ಕು. ಶೇಷ ಸೊನ್ನೆ ಸಾ."

"ಪಾಸು! ಮಂಜುಳನ ಪಕ್ಕದಲ್ಲಿ ಹೋಗಿ ಕೂತ್ಕೋ" ಎಂದರು ಮೇಷ್ಟ್ರು.

ನಾನು ಹಿಡಿದಿದ್ದ ಉಸಿರು ಬಿಟ್ಟ ರಭಸಕ್ಕೆ ಮೇಜಿನ ಮೇಲಿದ್ದ ಸೀಮೆಸುಣ್ಣದ ಪುಡಿ ಹಾರಿತು.

"ಆದ್ರೆ ಅಮ್ಮಾ, ನಾಲ್ಕನೇ ಕ್ಲಾಸು ಸ್ವಲ್ಪ ಕಷ್ಟ. ಅಲ್ಲಿ ಭಿನ್ನರಾಶಿ ಶುರುವಾಗ್ತದೆ" ಎಂದರು ಅವರು.

ನನಗೆ ಕೇಳಿಸಿದ್ದು ಕೊನೆಯ ಅರ್ಧ ಮಾತ್ರ. ಹೋದ ಜೀವ ಬಂದಂತಾಯಿತು. "ರಾಶಿನಾ? ರಾಶಿ ಇಚಾರ ನಂಗೆ ಬುಟ್ಬುಡಿ ಸ್ವಾಮಿ, ಇವತ್ತಿಂದ್ಲೇ ಸುರು ಮಾಡ್ತೀನಿ!"

ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತು ಎರಡೂ ಕೈ ಜೋಡಿಸಿ ತಲೆಯ ಮೇಲೆತ್ತಿ ಮುಗಿದರು. ಓದಿದವರೊಬ್ಬರು ನನಗೆ ಹಾಗೆ ಕೈ ಮುಗಿದದ್ದು ಅದೇ ಮೊದಲು. ನಾನೂ ಸೆರಗು ಹೊದ್ದು ಗಂಭೀರವಾಗಿ ಮುಗಿದೆ.

ಮನೆಯ ದಾರಿಯಲ್ಲಿ ಸವಿತಳೇ ಬಿಡಿಸಿ ಹೇಳಿದಳು.

"ಅಜ್ಜಿ, ಮೇಷ್ಟ್ರು ಮುಗ್ದಿದ್ದು ನಮಸ್ಕಾರ ಅಲ್ಲ ಕಣಜ್ಜಿ. ಬ್ಯಾಡ ಅಂತ!"