ಗೋಡೆಯಾಚೆಯ ಬೀರು

ಪಕ್ಕದ ಸ್ಟೋರ್ ರೂಮಿನ ಬೀರುವಿನ ಬಾಗಿಲು ಮತ್ತೆ ಧಡ್ ಎಂದಿತು. ಪ್ರಯೋಗಾಲಯದ ಪರದೆಯ ಮೇಲೆ ನೆಟ್ಟಗೆ ನಿಂತಿದ್ದ ಗೆರೆ ಪಕ್ಕಕ್ಕೆ ಜಾರಿತು. ಸಂಶೋಧಕನ ಪಿತ್ತ ನೆತ್ತಿಗೇರಿತು.

ಏರದೆ ಇನ್ನೇನು? ಕೂದಲೆಳೆಯ ಸಾವಿರದಲ್ಲೊಂದು ಪಾಲು ಅಗಲದ ಕಾಂತದ ಬಿಲ್ಲೆಗೆ ವಿದ್ಯುತ್ ಹರಿಸಿ, ಅದರೊಳಗಿನ ಕಾಂತತ್ವವನ್ನು ಬುಗುರಿಯಂತೆ ತಿರುಗಿಸಿ, ಮೈಕ್ರೋವೇವ್ ಅಲೆ ಹೊರಡಿಸಲು ಅವನು ಐದು ವರ್ಷ ಸವೆಸಿದ್ದ. ಆ ಅಲೆಯ ಗುರುತೇ ಈ ಗೆರೆ. ನಾಲ್ಕು ಗಂಟೆಗೆ ಪರೀಕ್ಷಕರು ಬಂದು ಅದನ್ನು ಕಣ್ಣಾರೆ ಕಂಡರೆ ಡಾಕ್ಟರೇಟ್. ಇಲ್ಲವಾದರೆ ಐದು ವರ್ಷವೂ ನೀರಿನಲ್ಲಿ ಮಾಡಿದ ಹೋಮ.

"ಮೇಡಂ, ನಿಮ್ಮ ಬೀರು ನನ್ನ ಗೋಡೆಗೆ ಅಂಟಿಕೊಂಡಿದೆ. ಬಾಗಿಲಲ್ಲಿ ಅಯಸ್ಕಾಂತ ಇದೆ. ನೀವು ತೆಗೆದು ಮುಚ್ಚಿದಾಗೆಲ್ಲ ಅಲ್ಲಿ ಗೆರೆ ಓಡ್ತದೆ."

ಸ್ಟೋರ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಕುಣೀಲಾರದವಳು ನೆಲ ಡೊಂಕು ಅಂದಳಂತೆ. ಕಣ್ಣಿಗೇ ಕಾಣದ ನಿನ್ನ ಬಿಲ್ಲೆಗೆ ನನ್ನ ಬೀರು ಏನಪ್ಪಾ ಮಾಡ್ತು?"

ಗಲಾಟೆಗೆ ನಾಲ್ಕು ಜನ ಸೇರಿದರು. ಕೇಳದೆಯೇ ಬುದ್ಧಿ ಹೇಳುವುದರಲ್ಲಿ ಎಲ್ಲರೂ ಪಂಡಿತರೇ. ವರ್ಕ್‌ಶಾಪಿನವನು, "ಬಾಗಿಲೇ ಕಳಚಿಬಿಡೋಣ" ಎಂದು ಸ್ಪ್ಯಾನರ್ ತಂದ. ಕಳಚಿದ ಬಾಗಿಲು ಸಂಶೋಧಕನ ಕಾಲ ಹೆಬ್ಬೆರಳ ಮೇಲೆ ಬಿತ್ತು. ಮೇಡಂ ರೇಗಿದ್ದಕ್ಕೆ ಅದನ್ನು ಮತ್ತೆ ಸಿಕ್ಕಿಸುವಷ್ಟರಲ್ಲಿ ಗಂಟೆ ಎರಡೂವರೆ.

ಇನ್ನು ಸಹಿಸುವುದು ಸಾಧ್ಯವಿರಲಿಲ್ಲ. ಕುಂಟುತ್ತಲೇ ನಿರ್ದೇಶಕರ ಬಳಿ ಹೋಗಿ, "ಒಂದೋ ಆ ಬೀರು ಇರಬೇಕು, ಇಲ್ಲಾ ನಾನಿರಬೇಕು ಸಾರ್" ಎಂದ. ಅವರು ಸಹಿ ಹಾಕಿದರು. ಬೀರು ಹಿಂಬದಿಯ ಕಟ್ಟಡಕ್ಕೆ ಹೋಯಿತು.

ನಾಲ್ಕಕ್ಕೆ ಪರೀಕ್ಷಕರು ಬಂದರು. ಪರದೆ ಬಟಾಬಯಲಾಗಿತ್ತು. ಅವನು ಗುಂಡಿಗಳನ್ನೆಲ್ಲ ತಿರುಗಿಸಿ ಬೆವೆತುಹೋದ.

"ಗೆರೆ ಮೊದಲು ಬಂದದ್ದು ಯಾವತ್ತು?" ಪರೀಕ್ಷಕರು ಕೇಳಿದರು.

"ಈ ತಿಂಗಳ ಹನ್ನೆರಡಕ್ಕೆ ಸಾರ್."

"ಈ ಗೋಡೆಯಾಚೆಗೆ ನನ್ನ ಅಯಸ್ಕಾಂತದ ಬೀರು ಬಂದದ್ದೂ ಅವತ್ತೇ, ಹೋದದ್ದು ಇವತ್ತು," ಬಾಗಿಲಲ್ಲಿ ನಿಂತಿದ್ದ ಸ್ಟೋರ್ ಮೇಡಂ ಹೇಳಿದರು.

ಪರೀಕ್ಷಕರು ನಕ್ಕರು. "ಹಾಗಾದ್ರೆ ಬಿಲ್ಲೆಗೆ ಬೇಕಾದ ಕಾಂತಕ್ಷೇತ್ರ ಕೊಡ್ತಿದ್ದದ್ದು ಆ ಬೀರುವೇ. ತರಿಸಿ, ಐದರವರೆಗೆ ಕಾಯ್ತೀನಿ."

ಸಂಶೋಧಕ ಕೈಮುಗಿದ. "ಅಕ್ಕಾ, ತಪ್ಪಾಯ್ತು. ಬೀರು ವಾಪಸ್ ತರಿಸಿಕೊಡಿ."

"ನಾನೇನೋ ತರಿಸ್ತಿದ್ದೆ ತಮ್ಮಾ. ಆದ್ರೆ ಅಲ್ಲೂ ಒಬ್ಬಳು ಹುಡುಗಿ ನಿನ್ನ ಥರದ್ದೇ ಬಿಲ್ಲೆ ಇಟ್ಕೊಂಡು ಕೂತಿದ್ದಾಳಲ್ಲ, ಅವಳ ಗೋಡೆಗೆ ಒರಗಿಸಿದ್ದಾರೆ. ಅವಳಿಗೆ ಇವತ್ತೇ ಮೊದಲ ಸಲ ಗೆರೆ ಬಂತಂತೆ. ಪ್ರಾಣ ಹೋದ್ರೂ ಬೀರು ಕೊಡಲ್ಲ ಅಂತಾಳೆ."

ಪರೀಕ್ಷಕರು ಚೀಲ ಹೆಗಲಿಗೇರಿಸಿದರು. "ಹೌದೇ? ಬಂದದ್ದಕ್ಕೆ ಅವರದನ್ನೇ ನೋಡ್ಕೊಂಡು ಹೋಗ್ತೀನಿ. ಯಾವ ಕಡೆ ಹೋಗ್ಬೇಕು?"

ದಾರಿಯನ್ನೂ ಸಂಶೋಧಕನೇ ತೋರಿಸಬೇಕಾಯಿತು.