ಫ್ರಾನ್ಸ್ ಹಾಳಾಗಬಾರದೆಂದು ಹೋದವಳು

ನನ್ನ ಅಕ್ಕ ಫ್ರಾನ್ಸಿಗೆ ಹೋದದ್ದು ಫ್ರಾನ್ಸ್ ನೋಡಲಿಕ್ಕಲ್ಲ, ಫ್ರಾನ್ಸ್ ಹಾಳಾಗಬಾರದು ಅಂತ! ನಗಬೇಡಿ. ನೀವು ಅವಳನ್ನು ಕಂಡವರಲ್ಲ, ಅದಕ್ಕೇ ನಗುತ್ತೀರಿ. ಬಹರೈನಿನ ಜಿಂಜ್‌ನಲ್ಲಿ ಅವಳ ಎದುರು ಕಟ್ಟಡದಲ್ಲೇ ಹನ್ನೊಂದು ವರ್ಷದಿಂದ ಸಂಸಾರ ಮಾಡುತ್ತಿರುವವಳು ನಾನು. ನನಗೆ ನಗು ಬರುವುದಿಲ್ಲ.

"ಹಾಳಾಗಬಾರದು" ಎನ್ನುವುದು ಅಕ್ಕನ ಜೀವನದ ಒಂದೇ ಒಂದು ಸಿದ್ಧಾಂತ. ಅನ್ನ ಸಾರು ಹಾಳಾಗಬಾರದು ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ, ಒಪ್ಪಿದೆ. ಇವಳದ್ದು ಅಷ್ಟಕ್ಕೆ ನಿಲ್ಲುತ್ತದೆಯೇ? ನಾನು ಸೀಫ್‌ನ ಒಂದು ಜಿಮ್ಮಿಗೆ ವರ್ಷಕ್ಕೆ ಸೇರಿ, ಹದಿನೈದೇ ದಿನಕ್ಕೆ ಬೆನ್ನು ಹಿಡಿದುಕೊಂಡು ಮನೆಯಲ್ಲಿ ಬಿದ್ದಾಗ, ಉಳಿದ ಹನ್ನೊಂದೂವರೆ ತಿಂಗಳನ್ನು ಚೂಡಿದಾರ, ಶೂ ಹಾಕಿಕೊಂಡು ಹೋಗಿ ಮುಗಿಸಿದವಳು ಅವಳು. ಸಪೂರ ಆದದ್ದೂ ಅವಳೇ! ಇನ್ನೊಮ್ಮೆ ಪಕ್ಕದ ಮನೆಯ ಮಗುವಿಗೆ ಜ್ವರ ಬಂದು ಮ್ಯಾಜಿಕ್ ಶೋದ ಟಿಕೆಟ್ ಒಂದು ಉಳಿಯಿತು. ಅಕ್ಕ ಹೋದಳು. ಹೋದವಳು ಸುಮ್ಮನೆ ಕೂತಳೇ? ಸ್ಟೇಜ್ ಹತ್ತಿ, ಪೆಟ್ಟಿಗೆಯೊಳಗೆ ಮಲಗಿ, ಎರಡು ತುಂಡಾಗಿ, ಮತ್ತೆ ಒಂದಾಗಿ ಮನೆಗೆ ಬಂದಳು.

ಅದೆಲ್ಲ ಇರಲಿ, ಫ್ರಾನ್ಸ್ ಮಾತ್ರ ನನ್ನದಾಗಿತ್ತು. ಮೂರು ವರ್ಷದಿಂದ ನನ್ನದು. ಅಲ್ಲಿ ಅಲ್ಸಾಸ್ ಅಂತ ಒಂದು ವೈನಿನ ಸೀಮೆ ಉಂಟು. ಗುಡ್ಡದ ತುಂಬ ದ್ರಾಕ್ಷಿ ತೋಟ, ನಡುನಡುವೆ ನಾನೂರು ಐನೂರು ವರ್ಷದ ಹಳ್ಳಿಗಳು, ಕಿಟಕಿ ಕಿಟಕಿಗೂ ಹೂಕುಂಡ. ನಾವು ವೈನ್ ಮುಟ್ಟುವ ಪೈಕಿ ಅಲ್ಲ. ನನಗೆ ಬೇಕಾದದ್ದು ಆ ಓಣಿಗಳಲ್ಲಿ ಒಮ್ಮೆ ನಡೆಯುವುದು, ಅಷ್ಟೇ. ಅದಕ್ಕಾಗಿ ಫೋನಿನಲ್ಲಿ ಫ್ರೆಂಚ್ ಕಲಿತೆ. ಯಾವ ಹಳ್ಳಿಗೆ ಯಾವ ಬಸ್ಸು, ಯಾವ ಬಾಗಿಲಿನೆದುರು ನಿಂತರೆ ಫೋಟೋ ಚಂದ, ಎಲ್ಲ ಬಾಯಿಪಾಠ. ಹೋಟೆಲೂ ಬುಕ್ ಆಯಿತು. ವೀಸಾಕ್ಕೆ ಅರ್ಜಿ ಹಾಕಬೇಕು ಎನ್ನುವಾಗ ನಮ್ಮವರ ಆಫೀಸಿನಲ್ಲಿ ಆಡಿಟ್ ಬಂತು, ರಜೆ ಹೋಯಿತು.

ಅಕ್ಕನ ಮನೆಗೆ ಹೋಗಿ ಅತ್ತುಬಿಟ್ಟೆ. ಮೀನು ಕ್ಲೀನ್ ಮಾಡುತ್ತಿದ್ದವಳು ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದಳು.

"ಹೋಟೆಲಿನವರು ಹಣ ವಾಪಸ್ ಕೊಡ್ತಾರಾ?"

"ಇಲ್ಲ."

"ಅಯ್ಯೋ ದೇವರೇ! ಹಾಳಾಗ್ತದಲ್ಲ ಮಾರಾಯ್ತಿ!"

ಭಾವನ ಕಂಪನಿ ಕೆಲಸಕ್ಕೆಂದು ಇಬ್ಬರೂ ತೆಗೆಸಿದ್ದ ಯುರೋಪ್ ವೀಸಾ ಇನ್ನೂ ಎರಡು ತಿಂಗಳು ಬಾಕಿ ಇತ್ತು. ಅದಾದರೂ ಹಾಳಾಗಬಹುದೇ? ಹದಿನೈದು ದಿನದೊಳಗೆ, ನನ್ನ ಬುಕಿಂಗಿನಲ್ಲಿ, ನಾನು ಬರೆದ ಪಟ್ಟಿ ಹಿಡಿದು, ನನ್ನದೇ ಸೂಟ್‌ಕೇಸ್ ಎಳೆದುಕೊಂಡು, ಭಾವನನ್ನೂ ಹೊರಡಿಸಿಕೊಂಡು ಅಕ್ಕ ಹೊರಟಳು. ಏರ್‌ಪೋರ್ಟಿಗೆ ಬಿಟ್ಟು ಬಂದವಳೂ ನಾನೇ! ದಾರಿಯುದ್ದಕ್ಕೂ ಇವಳ ವಿಮಾನ ತಪ್ಪಲಿ ಅಂತ ಬಯಸಿದೆ, ಸುಳ್ಳೇಕೆ ಹೇಳಲಿ? ಸಿಗ್ನಲುಗಳೆಲ್ಲ ಹಸಿರೇ ಸಿಕ್ಕಿದವು.

ಮರುದಿನದಿಂದ ಫೋಟೋ ಶುರು. ಇಲ್ಲಿ ಸೆಪ್ಟೆಂಬರಿನ ಸೆಕೆಯಲ್ಲಿ ಕೆಳಗಿನ ಕೋಲ್ಡ್ ಸ್ಟೋರ್ ಅಂಗಡಿಯಿಂದ ಹಾಲು ತರುವಷ್ಟರಲ್ಲಿ ನಾನು ಬೆವತು ಒದ್ದೆಯಾಗಿರುತ್ತೇನೆ. ಅಲ್ಲಿ ಅವಳು ಸ್ವೆಟರ್ ಹಾಕಿದ್ದಾಳೆ! ಆ ಸ್ವೆಟರ್ ಕಂಡೇ ನನ್ನ ಹೊಟ್ಟೆ ಉರಿಯಿತು. ಇನ್ನು ಊರಿನ ಫೋಟೋ ಕೇಳುತ್ತೀರಾ? ಕೊಲ್ಮಾರ್ ಎಂಬ ಚಿತ್ರದಂಥ ಪಟ್ಟಣದಿಂದ ನಲವತ್ತೆರಡು ಫೋಟೋ ಬಂತು, ನಲವತ್ತೆರಡೂ ಮನೆಗಳ ಮಾಡಿನದ್ದು. ನಮ್ಮ ಅಪ್ಪ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿದ್ದವರು, ಹಾಗಾಗಿ ಎಲ್ಲಿ ಹೋದರೂ ಅವಳ ಕಣ್ಣು ಹಂಚಿಗೇ. ಜೊತೆಗೊಂದು ವಾಯ್ಸ್ ಮೆಸೇಜ್: "ಹಂಚು ಸಣ್ಣದು ಮಾರಾಯ್ತಿ. ನಮ್ಮದರ ಹಾಗೆ ಒಂದಕ್ಕೊಂದು ಕಚ್ಚಿ ಕೂರುವುದಿಲ್ಲ." ನಾನು ಮೂರು ವರ್ಷ ಕನಸು ಕಂಡ ಊರಿಗೆ ಹೋಗಿ ಹಂಚು ಎಣಿಸುವುದಾ?

ರಿಕ್ವೀರ್ ಎಂಬ ಹಳ್ಳಿಯ ಕಥೆ ಭಾವನೇ ಫೋನ್ ಮಾಡಿ ಹೇಳಿದ್ದು. ಒಂದು ವೈನ್ ಮನೆಯ ಹೊರಗೆ "ಒಳಗೆ ಬನ್ನಿ, ರುಚಿ ನೋಡಿ" ಅಂತ ಬೋರ್ಡು. ಕರೆದ ಮೇಲೆ ಹೋಗದಿದ್ದರೆ ಹೇಗೆ? ಬರಿಗೈಯಲ್ಲಿ ಹೋಗುವುದಾದರೂ ಹೇಗೆ? ಇಲ್ಲಿಯ ಮನಾಮಾ ಪೇಟೆಯಿಂದ ಹೊತ್ತುಕೊಂಡು ಹೋಗಿದ್ದ ಹಲ್ವದ ಡಬ್ಬಿ ಹಿಡಿದು ಅಕ್ಕ ಒಳಗೆ ನುಗ್ಗಿದಳು. ನೋಡಿದರೆ ಅಲ್ಲಿದ್ದವರೆಲ್ಲ ಒಂದು ಗುಟುಕು ಬಾಯಿಗೆ ಹಾಕುವುದು, ಮುಕ್ಕಳಿಸುವುದು, ಬಕೆಟಿಗೆ ಉಗುಳುವುದು!

"ಇವ್ರೇ, ಹಾಳಾಗಿದೆ ಅಂತ ಕಾಣ್ತದೆ. ಪಾಪ, ಇಡೀ ಪೀಪಾಯಿ!" ಅಂತ ಅಕ್ಕ ಆ ಮನೆಯ ಅಜ್ಜಿಯ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಳಂತೆ.

"ಹಾಳಾದದ್ದಲ್ಲ, ಒಳ್ಳೇದೇ. ರುಚಿ ನೋಡುವ ಕ್ರಮವೇ ಹಾಗೆ," ಅಂದರು ಭಾವ.

"ಒಳ್ಳೇದನ್ನು ಉಗುಳುವುದಾ?"

ಆಮೇಲೆ ತಡೆಯುವವರಾರು? ಬಕೆಟ್ ಎತ್ತಿ ಬೆನ್ನ ಹಿಂದೆ ಅಡಗಿಸಿ, ಆರಡಿ ಎತ್ತರದ ಒಬ್ಬ ಪ್ರವಾಸಿಗೆ ಗಂಟಲು ತೋರಿಸಿ, "ನುಂಗಿ! ನುಂಗಿ!" ಅಂತ ಗದರಿಸಿದಳು. ಹುಟ್ಟಿದಂದಿನಿಂದ ಒಂದು ಹನಿ ಮುಟ್ಟದವಳು! ಅವನು ಹೆದರಿ ನುಂಗಿದ. ಅಜ್ಜಿಗೆ ನಕ್ಕು ನಕ್ಕು ಸಾಕಾಯಿತು. ಇವರಿಬ್ಬರನ್ನು ಒಳಗೆ ಕೂರಿಸಿ, ಆಗಷ್ಟೇ ಹಿಂಡಿದ ದ್ರಾಕ್ಷಿ ರಸ ಕೊಟ್ಟು, ದ್ರಾಕ್ಷಿ ಕೊಯ್ಲಿನವರ ಜೊತೆ ಊಟಕ್ಕೂ ಕರೆದಳಂತೆ. ನಾನು ಹೋಗಿದ್ದರೆ ಕಲಿತ ಫ್ರೆಂಚಿನಲ್ಲಿ "ನಮಸ್ಕಾರ, ಧನ್ಯವಾದ" ಹೇಳಿ ಹೊರಗೆ ಬಂದಿರುತ್ತಿದ್ದೆ. ನನ್ನನ್ನು ಯಾರು ಊಟಕ್ಕೆ ಕರೆಯುತ್ತಿದ್ದರು? ಈ ಯೋಚನೆ ಬಂದ ಮೇಲೆ ಹೊಟ್ಟೆಕಿಚ್ಚಿನ ಜೊತೆ ದುಃಖವೂ ಸೇರಿಕೊಂಡಿತು.

ಅವಳು ಬಂದ ಮೇಲಿನ ಶುಕ್ರವಾರ ಬೆಳಿಗ್ಗೆ, ಸೂಟ್‌ಕೇಸ್ ತರುವ ನೆಪದಲ್ಲಿ ಹೋದೆ. ಸೋಫಾದ ಮೇಲೆ ನನಗಾಗಿ ಹೋಟೆಲುಗಳ ಅರ್ಧ ಸವೆದ ಸಾಬೂನುಗಳನ್ನು ಸಾಲಾಗಿ ಇಟ್ಟಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು.

"ಎಲ್ಲ ನೀನೇ ನೋಡಿ ಮುಗಿಸಿದಿಯಲ್ಲ ಅಕ್ಕಾ! ನಾಳೆ ನಾನು ಹೋದ್ರೂ ನೀನು ನೋಡಿ ಬಿಟ್ಟದ್ದನ್ನೇ ನೋಡ್ಬೇಕು. ನಂಗೆ ಅಂತ ಎಂತ ಉಳಿದಿದೆ ಅಲ್ಲಿ?"

ಅಕ್ಕ ಸಾಬೂನುಗಳನ್ನು ಒತ್ತರೆ ಮಾಡಿ ಜೋಡಿಸತೊಡಗಿದಳು. ಮಾತಾಡಿದ್ದು ಭಾವ.

"ಎಗಿಸೈಮ್ ಉಳಿದಿದೆ."

ಎಗಿಸೈಮ್ ಅಂದರೆ ಒಂದು ದುಂಡಗಿನ ಹಳ್ಳಿ. ಓಣಿ ಹಿಡಿದು ಹೊರಟರೆ ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತೀರಿ. ಆ ಸೀಮೆಯಲ್ಲಿ ಒಂದೇ ಒಂದು ಊರು ಕೊಡುತ್ತೇವೆ ಅಂದರೂ ನಾನು ಕೇಳುವುದು ಅದನ್ನೇ.

"ಉಳಿದಿದೆ ಅಂದ್ರೆ? ಹೋಗ್ಲಿಲ್ವಾ?"

"ಹೋದೆವು. ಬಸ್ಸಿಳಿದದ್ದೇ ನಿನ್ನ ಅಕ್ಕ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತುಬಿಟ್ಟಳು. ಒಳಗೆ ಬರುವುದಿಲ್ಲ ಅಂತ ಒಂದೇ ಹಟ. ನಾನೊಬ್ಬನೇ ಸುತ್ತಿ ಬಂದೆ. ಮೂರು ಗಂಟೆ ಊರಿಗೆ ಬೆನ್ನು ಹಾಕಿ ಕೂತಿದ್ಳು. ನನ್ನ ಫೋಟೋ ಸಹ ನೋಡ್ಲಿಲ್ಲ."

ನಾನು ಅಕ್ಕನ ಮುಖ ನೋಡಿದೆ.

"ಅದನ್ನು ನೀನು ಮೊದಲು ನೋಡ್ಬೇಕಲ್ಲ," ಅಂದಳು, ಬೈಸಿಕೊಳ್ಳುವವಳ ಸ್ವರದಲ್ಲಿ. "ನೀನು ಮುಂದಿನಿಂದ ಹೋಗು. ನಾನು ಹಿಂದಿನಿಂದ ಬರ್ತೇನೆ."

"ಮೂರು ಗಂಟೆ ಹಾಳು ಮಾಡಿದಿಯಲ್ಲ ಅಕ್ಕಾ..."

"ಹಾಳಾಗ್ಲಿ ಬಿಡು," ಅಂದಳು ಅಕ್ಕ.

ನನಗೆ ಅಳು ತಡೆಯಲಾಗಲಿಲ್ಲ.