ಒಳಗಿನ ಕಂಪ್ಯೂಟರಿಗೆ ಹೊರಗಿನ ಡ್ರೈವು

"ಬ್ಯಾಕಪ್ ಮುಗಿಸು, ಆಮೇಲೆ ರಜೆ ತಗೋ," ಎಂದು ಗೋದಾಮಿನ ಯಜಮಾನ ಅಂಗೈಯಗಲದ ಡ್ರೈವೊಂದನ್ನು ಮೇಜಿನ ಮೇಲೆ ಎಸೆದದ್ದೇ ರಗಳೆಗೆಲ್ಲ ಮೂಲ.

ಕಂಪ್ಯೂಟರಿಗೆ ನೆಗಡಿಯಾದರೂ ಕರೆಸಿಕೊಳ್ಳುವ ನಮ್ಮ 'ಡಾಕ್ಟರ'ನಿಗೆ ರಜೆ ಬೇಕೇ ಬೇಕಿತ್ತು. ಹೆಂಡತಿ ತವರಲ್ಲಿ ಹೆತ್ತಿದ್ದಳು. "ಇವತ್ತೂ ಬರ್ಲಿಲ್ಲ ಅಂದ್ರೆ ಮಗೂಗೆ ಅಪ್ಪ ಅಂತ ಫೋನನ್ನೇ ತೋರಿಸ್ತೀನಿ," ಎಂದಿದ್ದಳು.

ಗೋದಾಮಿನ ಬಿಲ್ಲಿಂಗ್ ಪ್ರೋಗ್ರಾಂ ಅಜ್ಜನ ಕಾಲದ್ದು. ಹೊಸ ಕಂಪ್ಯೂಟರು ಅದನ್ನು ಹತ್ತಿರ ಸೇರಿಸದು. ಅದಕ್ಕೇ ಡಾಕ್ಟರ ಹೊಸದರ ಹೊಟ್ಟೆಯೊಳಗೆ ವರ್ಚುವಲ್ ಮೆಷಿನ್ ಎಂಬ, ಬರೀ ಸಾಫ್ಟ್‌ವೇರಿನಲ್ಲೇ ಬದುಕುವ ಇನ್ನೊಂದು ಹಳೇ ಕಂಪ್ಯೂಟರನ್ನು ಸಾಕಿದ್ದ. ಚುಚ್ಚಿದ ಡ್ರೈವು ಹೊರಗಿನದಕ್ಕಷ್ಟೇ ಕಾಣುತ್ತದೆ; ಪರದೆಯಲ್ಲಿ ಅದರ ಹೆಸರು ಒತ್ತಿ ಒಳಗಿನದಕ್ಕೆ ದಾಟಿಸಬೇಕು.

ದಾಟಿಸಿದ. ಬ್ಯಾಕಪ್ ಶುರುವಾಯಿತು.

"ಅಯ್ಯಯ್ಯೋ, ಪರದೆಯಿಂದ ಡ್ರೈವು ಮಾಯ!" ಬೆನ್ನ ಹಿಂದೆ ಕ್ಯಾಷಿಯರಮ್ಮ ಕಿರುಚಿದರು.

"ಮಾಯ ಅಲ್ಲಮ್ಮ, ಒಳಗೆ ಹೋಗಿದೆ. ಅದು ಒಂದು ಸಲಕ್ಕೆ ಒಬ್ರಿಗೇ ಕಾಣೋದು."

"ಯಾರಿಗಯ್ಯಾ ಕತೆ ಹೇಳ್ತೀಯ?" ಸ್ಟೋರ್‌ಕೀಪರ್ ಡ್ರೈವನ್ನು ಕಿತ್ತು, ಉಫ್ ಎಂದು ಊದಿ ಮತ್ತೆ ತುರುಕಿದ. ಅರ್ಧಕ್ಕೆ ಬಂದಿದ್ದ ಬ್ಯಾಕಪ್ ಪ್ರಾಣ ಬಿಟ್ಟಿತು.

ಡಾಕ್ಟರ ಹಲ್ಲು ಕಡಿಯುತ್ತ ಮತ್ತೆ ಒತ್ತಿದ. ಸಿಟ್ಟಿನ ಬೆರಳು ಡ್ರೈವಿನ ಹೆಸರು ಬಿಟ್ಟು ಕೆಳಗಿದ್ದ ಮೌಸಿನ ಹೆಸರೊತ್ತಿತು. ಮೌಸು ಒಳಗಿನ ಕಂಪ್ಯೂಟರಿಗೆ ದತ್ತು ಹೋಯಿತು. ಹೊರಗೆ ಅದರ ಬಾಣ, ಮುನಿಸಿಕೊಂಡು ಹೊಸಿಲಲ್ಲೇ ನಿಂತ ಅಳಿಯನಂತೆ, ಕದಲಲೇ ಇಲ್ಲ.

"ನೋಡಿದ್ರಾ, ಮೌಸಿಗೂ ಇವನ ಸಹವಾಸ ಸಾಕಾಯ್ತು!" ಎಂದ ಸ್ಟೋರ್‌ಕೀಪರ್.

"ನೀವಿಬ್ರೂ ಕೈಬಾಯಿ ಮುಚ್ಕೊಂಡಿದ್ರೆ ನಾನೀಗ ಬಸ್ಸಲ್ಲಿರ್ತಿದ್ದೆ!"

ಡಾಕ್ಟರ ಕ್ಯಾಷಿಯರಮ್ಮನ ಮೌಸು ಕಿತ್ತು ತಂದ. ಅದರಿಂದ ಮೊದಲಿನದನ್ನು ಹೊರಗೆಳೆದ, ಡ್ರೈವನ್ನು ಒಳಗೆ ಕಳಿಸಿದ. ಯಾರೂ ಮುಟ್ಟದಂತೆ ಅದನ್ನು ಎರಡೂ ಕೈಯಿಂದ ಮುಚ್ಚಿ, ಕಾವಿಗೆ ಕೂತ ಕೋಳಿಯಂತೆ ಕೂತ. ಕೊನೆಗೂ ಬ್ಯಾಕಪ್ ಮುಗಿಯಿತು. ಬಸ್ಸಿಗಿನ್ನೂ ಹೊತ್ತಿತ್ತು. ಬ್ಯಾಗು ಹೆಗಲಿಗೇರಿಸಿ ಯಜಮಾನನ ಕೋಣೆಗೆ ನುಗ್ಗಿ ಡ್ರೈವನ್ನು ಮುಂದಿಟ್ಟ.

"ಇದ್ರಲ್ಲಿ ಎಲ್ಲಾ ಬಂದಿದ್ಯೇನಯ್ಯಾ?"

ಅಷ್ಟಕ್ಕೇ "ಹೂಂ" ಎಂದಿದ್ದರೆ ಬಚಾವಾಗುತ್ತಿದ್ದ. ಆದರೆ ಬೆಳಗಿನಿಂದ ಬೈಸಿಕೊಂಡ ಎದೆ ಈಗ ಉಬ್ಬಿತ್ತು.

"ಒಳಗಿನ ಕಂಪ್ಯೂಟರೇ ಇಡಿಯಾಗಿ ಬಂದಿದೆ ಸಾರ್! ಯಾವ ಊರಲ್ಲಿ, ಯಾವ ಕಂಪ್ಯೂಟರಿಗೆ ಇಳಿಸಿದ್ರೂ ನಮ್ಮ ಗೋದಾಮು ಎದ್ದು ಕೂರುತ್ತೆ!"

"ಯಾವ ಊರಲ್ಲಾದ್ರೂ?"

"ಯಾವ ಊರಲ್ಲಾದ್ರೂ!"

ಯಜಮಾನ ಎದ್ದು ಬಂದು, ಡ್ರೈವನ್ನು ಡಾಕ್ಟರನ ಜೇಬಿಗಿಳಿಸಿ ಪ್ರೀತಿಯಿಂದ ತಟ್ಟಿದ.

"ಹಾಗಿದ್ರೆ ರಜೆ ಯಾಕಯ್ಯಾ ಹಾಳು ಮಾಡ್ತೀಯ? ಲ್ಯಾಪ್‌ಟಾಪ್ ಕೊಡ್ತೀನಿ. ಮಗೂನ ತೊಡೆ ಮೇಲಿಟ್ಕೊಂಡು ಅಲ್ಲಿಂದಾನೇ ಬಿಲ್ ಹಾಕು."